ಫೋನಿನಿಂದ ಐಎಸ್ಎಸ್‌ಗೆ ಮೆಸೇಜ್: ಕೊನೆಗೂ ಆಯ್ತು

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಒಂದು ಕಡ್ಡಿ ಸಿಗ್ನಲ್ ಬೇಕೆಂದರೂ ಗುಡ್ಡ ಹತ್ತಬೇಕು. ಅದೇ ಗುಡ್ಡದಲ್ಲಿ ಕೂತು ನನ್ನ ಮಾಮೂಲಿ ಆಂಡ್ರಾಯ್ಡ್ ಫೋನಿನಲ್ಲಿ ಟೈಪ್ ಮಾಡಿದ ಎರಡು ಪದ ಐಎಸ್ಎಸ್ (ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ) ಮುಟ್ಟಿ ವಾಪಸ್ ಬಂತು. ನೇರವಾಗಿ ಅಲ್ಲ, ನಡುವೆ 5 ವ್ಯಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್) ಇತ್ತು, ಮೊದಲೇ ಹೇಳಿಬಿಡುತ್ತೇನೆ. "ರೋಟೇಟರ್ ಇಲ್ದೆ ಆಗಲ್ಲ ಮಾರಾಯ" (ರೋಟೇಟರ್ ಅಂದರೆ ಆಂಟೆನಾ ತಿರುಗಿಸುವ ಮೋಟಾರು) ಎಂದಿದ್ದ ಹಿರಿಯ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು, ಒಬ್ಬರಿಗೆ ಅವತ್ತೇ ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಮೆಸೇಜನ್ನು ರೇಡಿಯೋಗೆ ಬೇಕಾದ ಸದ್ದಾಗಿಸಲು ಎಪಿಆರ್‌ಎಸ್‌ಡ್ರಾಯ್ಡ್ ಆ್ಯಪ್, ಸೆಟ್ 145.825 ಮೆಗಾಹರ್ಟ್ಸ್‌ಗೆ, ಆ್ಯಪ್‌ನಲ್ಲಿ ಪಾತ್ (ಮೆಸೇಜ್ ಹೋಗುವ ದಾರಿ) ಎಆರ್‌ಐಎಸ್‌ಎಸ್. ದುಡ್ಡು ಹೋಗಿದ್ದು ಫೋನನ್ನು ಸೆಟ್‌ಗೆ ಜೋಡಿಸುವ ಕೇಬಲ್‌ಗೆ. ಮೊದಲು ಕೊಂಡ ಎರಡೂ ದಂಡ, ಸುಮಾರು 900 ರೂಪಾಯಿ. ಮೂರನೆಯದನ್ನು ನಾನೇ ಬೆಸುಗೆ ಹಾಕಿದೆ, 150 ಆಯ್ತೇನೋ. ಆಮೇಲೆ ವಾಕ್ಸ್ (ಸದ್ದು ಬಂದೊಡನೆ ಸೆಟ್ ತಾನೇ ಪ್ರಸಾರ ಶುರು ಮಾಡುವ ವ್ಯವಸ್ಥೆ) ಕಾಟ: ಸೆಟ್ ಎಚ್ಚರಾಗುವಷ್ಟರಲ್ಲಿ ಮೆಸೇಜ್ ಪ್ಯಾಕೆಟ್ಟಿನ ತಲೆಯೇ ಕಟ್. ಒಂದು ಪಾಸ್‌ನಲ್ಲಂತೂ (ಐಎಸ್ಎಸ್ ನಮ್ಮ ಆಕಾಶದಲ್ಲಿ ಹಾದುಹೋಗುವ ಹೊತ್ತು) ವಾಟ್ಸಾಪ್‌ನ ಟಿಣ್ ಸದ್ದು ಆಕಾಶಕ್ಕೆ ಹೋಯಿತು! ಇನ್ನೊಂದು ವಾರ ಐಎಸ್ಎಸ್‌ನಲ್ಲಿ ಮೆಸೇಜ್ ಕೇಳಿ ವಾಪಸ್ ಕಳಿಸುವ ಡಿಜಿಪೀಟರ್ರೇ ಆಫ್ ಇತ್ತು, ಅದನ್ನು ನೋಡದೆ ನಾಲ್ಕು ಸಂಜೆ ಸೊಳ್ಳೆ ಕಚ್ಚಿಸಿಕೊಂಡೆ.

ಗೆದ್ದಿದ್ದು ಆಂಟೆನಾದಿಂದ. ಪಿವಿಸಿ ಪೈಪು, ಮನೆಯ ಸ್ಟೀಲ್ ಅಳತೆ ಟೇಪು, ಮೂರು ಎಲಿಮೆಂಟಿನ (ಅಡ್ಡಪಟ್ಟಿಯ) ಯಾಗಿ, ಅಂದರೆ ಒಂದೇ ದಿಕ್ಕಿಗೆ ಗುರಿ ಇಡುವ ಆಂಟೆನಾ. ಪಾಸ್ ಇರುವುದು ಹತ್ತು ನಿಮಿಷ, ಅಷ್ಟರಲ್ಲಿ ಮಣಿಕಟ್ಟು ತಿರುಗಿಸುತ್ತಾ ಇರಬೇಕು. ಡಾಪ್ಲರ್ (ಐಎಸ್ಎಸ್‌ನ ವೇಗದಿಂದ ಫ್ರೀಕ್ವೆನ್ಸಿ ಜಾರುವುದು) ಈ ಬ್ಯಾಂಡಿನಲ್ಲಿ 3 ಕಿಲೋಹರ್ಟ್ಸ್ ಚಿಲ್ಲರೆ, ನಾನು ತಲೆಕೆಡಿಸಿಕೊಳ್ಳಲಿಲ್ಲ. ಫೋನಿನ ವಾಲ್ಯೂಮ್ ಎಷ್ಟಕ್ಕೆ ಇಟ್ಟೆ ಅಂತ ಮಾತ್ರ ಕೇಳಬೇಡಿ. ಅದಕ್ಕೆ ಒಂದೂವರೆ ತಿಂಗಳು ಸುರಿದಿದ್ದೇನೆ, ಸುಮ್ನೆ ಕೊಡಲ್ಲ.

ಅಲ್ಲಿಗೇ ಬಿಡಬಹುದಿತ್ತು. ಆದರೆ ಫೋನ್ ತಾನಾಗಿ ಹೊರಡಿಸುವುದು 4ಜಿಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವ್ಯಾಟ್ ಅಲ್ವಾ, ಅದರ ಹತ್ತಿರಕ್ಕೆ ಹೋಗಿ ನೋಡೋಣ ಅನ್ನಿಸಿತು. ಹ್ಯಾಂಡಿಯನ್ನು 1 ವ್ಯಾಟ್‌ಗೆ ಇಳಿಸಿದೆ. ಎಂಟೋ ಒಂಬತ್ತೋ ಕಳಿಸಿದ್ದರಲ್ಲಿ ಎರಡು ವಾಪಸ್ ಬಂದವು, ಅದೂ ಐಎಸ್ಎಸ್ ನೆತ್ತಿಯ ಹತ್ತಿರ ಇದ್ದಾಗ. ಯಾಗಿ ಬದಲು ರಬ್ಬರ್ ಡಕ್ (ಹ್ಯಾಂಡಿಯ ಗಿಡ್ಡ ಆಂಟೆನಾ) ಹಾಕಿದರೆ ಸೊನ್ನೆ. ಅಂದರೆ ಕೆಳಗೆ ಕೂಗು ಸಣ್ಣದಾದರೆ ಮೇಲೆ ಕಿವಿ ದೊಡ್ಡದಿರಬೇಕು. 2023ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನಿಂದ ಜಪಾನಿಗೆ ಮಾಮೂಲಿ ಸ್ಯಾಮ್ಸಂಗ್ ಫೋನಿನಲ್ಲಿ ಕರೆ ಹೋಯಿತಲ್ಲ, ಆ ಕರೆ ದಾಟಿಸಿದ ಉಪಗ್ರಹ ಬ್ಲೂವಾಕರ್ 3ರ ಆಂಟೆನಾ 64 ಚದರ ಮೀಟರ್, ನಮ್ಮ ಅಂಗಳದಷ್ಟು! ಫೋನ್ ಬಿಚ್ಚುವ ಕೆಲಸವೇ ಇಲ್ಲ, ಖರ್ಚೆಲ್ಲ ಮೇಲೆ.

ಮುಂದಿನ ಪ್ರಯೋಗ ಅರ್ಧ ವ್ಯಾಟ್. ಅದಕ್ಕೆ ಐದು ಎಲಿಮೆಂಟ್ ಬೇಕು. ಅಪ್ಪ ಆಗಲೇ ತೋಟ ಅಳೆಯಲು ಟೇಪ್ ಹುಡುಕುತ್ತಿದ್ದಾರೆ.