ಮಳಿಗಾಲಕ್ಕಿಂತ ಮೊದಲ ಆಫೀಸಿನ ಡೇಟಾ ಹಿಂಗ ಉಳಿಸ್ಕೋರಿ

2019ರ ಆಗಸ್ಟ್‌ದಾಗ ಘಟಪ್ರಭಾ ಹೊಳಿ ಗೋಕಾಕ ಊರೊಳಗ ಹೊಕ್ಕಾಗ ನಮ್ಮ ಅಕೌಂಟ್ಸ್ ಆಫೀಸಿನ ಸಿಪಿಯು ಟೇಬಲ್ ಕೆಳಗ ನೆಲದ ಮ್ಯಾಲೆ ಇತ್ತು, ಬ್ಯಾಕಪ್ ಹಾರ್ಡ್‌ಡಿಸ್ಕ್ ಅದ ಟೇಬಲ್ಲಿನ ಡ್ರಾದಾಗ, ಎರಡೂ ಕೂಡೇ ಮುಳುಗಿದ್ವು. ನೀರು ಇಳದಮ್ಯಾಲೆ ಡ್ರಾ ಎಳದ್ರ ಬರೇ ರಾಡಿ, ಡಿಸ್ಕಿನ ಕೇಬಲ್ ಹಚ್ಚೂ ತೂತಿನ್ಯಾಗೂ ರಾಡಿ.

ಅದಕ್ಕ ಮೊದಲ ಕೆಲಸ, ಸಿಪಿಯು ಯುಪಿಎಸ್ ಎರಡೂ ಮ್ಯಾಲೆ ಏರಿಸ್ರಿ, ಮ್ಯಾಲಿನ ಫ್ಲೋರ್ ಇದ್ರ ಇನ್ನೂ ಚಲೋ. ಏಪ್ರಿಲ್ ಮೇದಾಗ ಗುಡುಗು ಸಿಡ್ಲು ಶುರು ಆದ್ರ ಪ್ಲಗ್ ಅಷ್ಟ ಅಲ್ಲ, ಇಂಟರ್ನೆಟ್ ವೈರೂ ಕೀಳ್ರಿ, ಅದರ ಮ್ಯಾಲಿಂದನೂ ಕರೆಂಟ್ ಬರ್ತೈತಿ.

ಇನ್ನ ಬ್ಯಾಕಪ್. ಡೇಟಾ ಒಟ್ಟು 3 ಕಡೆ ಇರಬೇಕು, 2 ಬ್ಯಾರೆ ಬ್ಯಾರೆ ಥರದ ಜಾಗಾದಾಗ, 1 ಊರ ಹೊರಗ. ಮನ್ಯಾಗ ಒಂದು ಇಟ್ಟೇನಿ ಅಂದ್ರ ಸಾಲೂದಿಲ್ರಿ, ಹೊಳಿ ಏರಿದ್ರ ಆಫೀಸಿಗೆ ಬಂದ ನೀರು ಮನಿಗೂ ಬರ್ತೈತಿ. ನಾನು ಈಗ ಎರಡು ಡಿಸ್ಕ್ ಇಟ್ಟೇನಿ, ಒಂದು ಬೆಳಗಾವಿಯೊಳಗ ತಂಗಿ ಮನ್ಯಾಗ, ಒಂದು ಇಲ್ಲೆ, 15 ದಿನಕ್ಕೊಮ್ಮೆ ಅದಲಿ ಬದಲಿ. ಜುಲೈ ಆಗಸ್ಟ್‌ದಾಗ ಘಟಪ್ರಭಾಕ್ಕ ಕಟ್ಟಿದ ಹಿಡಕಲ್ ಡ್ಯಾಮ್ ನೀರು ಬಿಡ್ತಾರಂತ ಸುದ್ದಿ ಬಂದ ದಿನಾನ ಹೊಸಾ ಕಾಪಿ ಕಳಿಸಿಬಿಡ್ರಿ, ಗೋಕಾಕ ಹತ್ರದ ಲೋಳಸೂರ ಸೇತುವೆ ಮುಳುಗೂತನಕ ಕಾಯಬ್ಯಾಡ್ರಿ.

ಲೆಕ್ಕ ಬರಿಯೂ ಟ್ಯಾಲಿ ಸಾಫ್ಟ್‌ವೇರ್ ಇದ್ರ ಅದರಾಗ ತಗದಿದ್ದ ಕಂಪನಿ ಷಟ್ (ಬಂದ್) ಮಾಡಿನ ಬ್ಯಾಕಪ್ ತಗೋರಿ. ಗೂಗಲ್ ಡ್ರೈವ್‌ದಾಗ 15 ಜಿಬಿ ಪುಕ್ಕಟೆ ಸಿಗ್ತೈತಿ, ಸಣ್ಣ ಆಫೀಸಿಗೆ ಸಾಕು, ಆದ್ರ ಸಿಂಕ್ ಫೋಲ್ಡರ್ ಒಂದ ನಂಬಬ್ಯಾಡ್ರಿ, ಇಲ್ಲಿ ಡಿಲೀಟ್ ಆದ್ರ ಅಲ್ಲೂ ಡಿಲೀಟ್, ಟ್ರ್ಯಾಶ್‌ನ್ಯಾಗ 30 ದಿನ ಅಷ್ಟ ಉಳಿತೈತಿ. ಡಿಸ್ಕ್ ಕಾಪಿ ಆದ ಕೂಡ್ಲೇ ಕೀಳ್ರಿ, ಹಚ್ಚೇ ಇಟ್ರ ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ರೊಕ್ಕ ಕೇಳೂ ವೈರಸ್) ಬಂದಾಗ ಅದೂ ಲಾಕ್ ಆಗ್ತೈತಿ.

ತಿಂಗಳಿಗೊಮ್ಮೆ ಬ್ಯಾಕಪ್ ಬ್ಯಾರೆ ಲ್ಯಾಪ್‌ಟಾಪಿನ್ಯಾಗ ರಿಸ್ಟೋರ್ (ವಾಪಸ್ ತುಂಬಿ) ಮಾಡಿ, ಯಾವುದರೆ ಒಂದು ಲೆಡ್ಜರ್ ತಗದು ಕ್ಲೋಸಿಂಗ್ ಬ್ಯಾಲೆನ್ಸ್ ಆಫೀಸಿನ ಲೆಕ್ಕಕ್ಕ ಕೂಡ್ತೈತೇನ ನೋಡ್ರಿ. ಇದನ್ನ ಭಾಳ ಮಂದಿ ಮಾಡಂಗಿಲ್ಲ, ದಯವಿಟ್ಟು ಮಾಡ್ರಿ. ಹಳೇ ವರ್ಷದ ಡೇಟಾನೂ ಅಳಿಸಬ್ಯಾಡ್ರಿ, ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನ್ ಕಡೀ ತಾರೀಖಿನಿಂದ 72 ತಿಂಗಳು ಇಡಬೇಕು.

ಇಷ್ಟಾದ್ರೂ ಡಿಸ್ಕ್ ತೊಯ್ದ್ರ ಆನ್ ಮಾಡಬ್ಯಾಡ್ರಿ. ನಾವು ಬಿಸಿಲಿಗೆ ಒಣಗಿಸಿ ಹಚ್ಚಿದ್ವಿ, ಟಕ್ ಟಕ್ ಅಂತ ನಾಕು ಸಲ ಸಪ್ಪಳ ಮಾಡಿ ನಿಂತ್ತು, ನಾಕು ತಿಂಗಳ ಎಂಟ್ರಿ ಪಾರ್ಟಿಗಳ ಕಡೆ ಬಿಲ್ ಇಸ್ಕೊಂಡು ಮತ್ತ ಹೊಡದ್ವಿ. ಹಸೀ ಇದ್ದಂಗ ಪ್ಲಾಸ್ಟಿಕ್ ಚೀಲದಾಗ ಬಿಗಿಯಾಗಿ ಕಟ್ಟಿ ನೇರ ಡೇಟಾ ರಿಕವರಿ ಮಾಡವ್ರ ಕಡೆ ಒಯ್ರಿ.