ಬೇಯಿಸಿದ ಕಡ್ಲೆಕಾಯಿ: ಮುಳುಗೋ ತನಕ ಕಾಯಬೇಕು

ಶನಿವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ನಮ್ಮನೆಯಲ್ಲಿ ದೊಡ್ಡ ಕುಕ್ಕರ್ ಇನ್ನೊಂದು ಸಲ ಒಲೆ ಏರುತ್ತದೆ. ಹಸಿ ಕಡ್ಲೆಕಾಯಿ ಸಿಗುವಷ್ಟು ದಿನ ಇದು ತಪ್ಪುವುದಿಲ್ಲ. ಎರಡು ಗಂಟೆಗೆ ಇಟ್ಟರೆ ಸಂಜೆ ಐದಕ್ಕೆ ತಿನ್ನಬಹುದು. ಪಕ್ಕದ ಮನೆಯವರು ಒಮ್ಮೆ ಕೇಳಿದರು, ಕುಕ್ಕರ್‌ನಲ್ಲಿ ಅರ್ಧ ಗಂಟೆ ಸಾಕಲ್ವಾ, ಇಷ್ಟು ಹೊತ್ತು ಯಾಕೆ ಅಂತ. ಬೇಯಲು ಅರ್ಧ ಗಂಟೆ ಸಾಕು. ಉಪ್ಪು ಒಳಗೆ ಇಳಿಯಲು ಸಾಲದು. ಅವರಿಗೆ ಹೇಳಿದ್ದನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆ ಕಡೆಯವಳು. ನಮ್ಮಲ್ಲಿ ಇದಕ್ಕೆ ಶೇಂಗಾ ಅಂತಾರೆ. ಬೆಂಗಳೂರಿಗೆ ಬಂದ ಮೇಲೆ ನನ್ನ ಬಾಯಲ್ಲೂ ಕಡ್ಲೆಕಾಯಿ ಆಯಿತು. ಅಪ್ಪ ಮಳೆ ನಂಬಿಕೊಂಡು ಎರಡು ಎಕರೆ ಕೆಂಪು ನೆಲದಲ್ಲಿ ಟಿಎಂವಿ-2 ಅನ್ನುವ ಶೇಂಗಾ ತಳಿ ಹಾಕುತ್ತಿದ್ದರು. ಜುಲೈನಲ್ಲಿ ಬಿತ್ತಿದರೆ ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಗಿಡ ಕೀಳುವ ಕೆಲಸ. ಕಿತ್ತ ದಿನವೇ ಅವ್ವ ಒಂದು ಮೊರ ಕಾಯಿ ಬಿಡಿಸಿ, ತೊಳೆದು, ಮಡಕೆಗೆ ಹಾಕುತ್ತಿದ್ದಳು. ಬೆಂದ ಮೇಲೆ ಒಲೆಯಿಂದ ಸೌದೆ ಈಚೆ ಎಳೆದು ಮಡಕೆಯನ್ನು ಹಾಗೇ ಬಿಟ್ಟುಬಿಡುತ್ತಿದ್ದಳು. ನಾವು ಹೋಗಿ ಸುತ್ತ ಕೂತರೆ, "ಇನ್ನೂ ತೇಲ್ತಾ ಐತೆ, ಆಡ್ಕಂಡು ಬರ್ರಿ" ಅನ್ನುತ್ತಿದ್ದಳು.

ಆ ಮಾತು ನನಗೆ ಅರ್ಥವಾಗಿದ್ದು ಮದುವೆಯಾದ ಮೇಲೆ. ಮೊದಲ ಸಲ ಇಲ್ಲಿ ಮಾಡಿದಾಗ ಕುಕ್ಕರ್‌ನ ಪ್ರೆಷರ್ ಇಳಿದ ಕೂಡಲೇ ನೀರು ಬಸಿದು ತಟ್ಟೆಗೆ ಹಾಕಿದೆ. ಕಾಳು ಬೆಂದಿತ್ತು, ಆದರೆ ಸಪ್ಪೆ. ಮರುವಾರ ಉಪ್ಪು ದುಪ್ಪಟ್ಟು ಹಾಕಿದೆ. ಸಿಪ್ಪೆ ಬಾಯಿಗೆ ತಾಗಿದರೆ ತುಟಿ ಉರಿಯುವಷ್ಟು ಉಪ್ಪು, ಒಳಗಿನ ಕಾಳು ಮತ್ತೆ ಸಪ್ಪೆ. ಅತ್ತೆ ನಾಲ್ಕು ಕಾಯಿ ತಿಂದು ಸುಮ್ಮನಾದರು. ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಎಷ್ಟು ಉಪ್ಪು ಹಾಕಿದೆ ಅಂತ ಅವಳು ಕೇಳಲೇ ಇಲ್ಲ. "ತೆಗ್ದಾಗ ತೇಲ್ತಿತ್ತಾ, ಮುಳುಗಿತ್ತಾ?" ಅಂದಳು.

ಕಡ್ಲೆಕಾಯಿ ಸಿಪ್ಪೆಯೊಳಗೆ ಗಾಳಿ ಇರುತ್ತದೆ. ಅದಕ್ಕೇ ನೀರಿಗೆ ಹಾಕಿದರೆ ತೇಲುತ್ತದೆ. ಕುದಿಯುವಾಗ ಆ ಗಾಳಿ ಹಿಗ್ಗಿ ಅಷ್ಟಿಷ್ಟು ಆಚೆ ಹೋಗುತ್ತದೆ. ಒಲೆ ಆರಿಸಿದ ಮೇಲೆ, ಬಿಸಿ ಇಳಿಯುತ್ತಾ ಬಂದಂತೆ, ಒಳಗೆ ಉಳಿದ ಗಾಳಿ ಕುಗ್ಗಿ ಆ ಜಾಗಕ್ಕೆ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ನೀರು ತುಂಬಿದ ಕಾಯಿ ಭಾರವಾಗಿ ಕೆಳಗೆ ಕೂರುತ್ತದೆ. ಅಂದರೆ ಮುಳುಗಿದ ಕಾಯಿಯಲ್ಲಿ ಉಪ್ಪು ಸೇರಿದೆ, ತೇಲುವ ಕಾಯಿಯಲ್ಲಿ ಇನ್ನೂ ಸೇರಿಲ್ಲ. ಎಷ್ಟು ವಿಷಲ್ ಅನ್ನೋದಕ್ಕಿಂತ ಇದನ್ನು ನೋಡಿ.

ಈಗ ಕಾಯಿ ಕೊಳ್ಳುವ ಮಾತು. ಹಸಿ ಕಾಯಿಯೇ ಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಹಸಿಯದು ಸದ್ದು ಮಾಡುವುದಿಲ್ಲ, ಒಣಗಿದ್ದು ಗಲಗಲ ಅನ್ನುತ್ತದೆ. ಕೈಯಲ್ಲಿ ಹಿಡಿದರೆ ತೂಕ ಇರಬೇಕು. ಸುಮ್ನೆ ದಪ್ಪ ಕಾಯಿ ನೋಡಿ ಮರುಳಾಗಬೇಡಿ, ಒತ್ತಿದರೆ ಪುಸಕ್ಕನೆ ಒಳಗೆ ಹೋಗುವುದು ಜೊಳ್ಳು. ಗಾಡಿಯವರನ್ನು ಕೇಳಿ ಒಂದು ಕಾಯಿ ಒಡೆದು ನೋಡಿ. ಸಿಪ್ಪೆಯ ಒಳಮೈ ಬೆಳ್ಳಗೆ, ಹತ್ತಿಯ ಹಾಗೆ ಮೆತ್ತಗಿದ್ದರೆ ಎಳೆ ಕಾಯಿ. ಕಂದು ಬಣ್ಣ ತಿರುಗಿ ಗೆರೆಗೆರೆ ಕಾಣುತ್ತಿದ್ದರೆ ಬಲಿತದ್ದು. ಬೇಯಿಸಲು ಬಲಿತ ಕಾಯಿ ಒಳ್ಳೆಯದು. ನಡುನಡುವೆ ಸ್ವಲ್ಪ ಎಳೆಯದು ಇದ್ದರೆ ನನಗಂತೂ ಖುಷಿ. ಎಳೆ ಕಾಯಿ ಬೆಂದರೆ ಸಿಹಿ.

ನಾನು ಗಾಂಧಿ ಬಜಾರ್ ಕಡೆ ಹೋದಾಗ ತರುತ್ತೇನೆ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಮುಂದೆ ಪರಿಷೆ ನಡೆಯುತ್ತದಲ್ಲ, ಅಲ್ಲಿ ಹಸಿಯದು, ಹುರಿದದ್ದು, ಬೇಯಿಸಿದ್ದು ಎಲ್ಲ ರಾಶಿ ಹಾಕಿರುತ್ತಾರೆ. ಬಸವ ಹೊಲಕ್ಕೆ ನುಗ್ಗಿ ಕಡ್ಲೆಕಾಯಿ ಮೇಯುತ್ತಿತ್ತು, ರೈತರು ಮೊದಲ ಬೆಳೆ ನಿನಗೇ ಅಂತ ಹರಕೆ ಹೊತ್ತರು ಅನ್ನುವ ಕಥೆಯನ್ನು ಅತ್ತೆ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಾರೆ. ಪರಿಷೆಯಲ್ಲಿ ಆಸೆಗೆ ಜಾಸ್ತಿ ತಂದರೆ ಒಂದು ಎಚ್ಚರ. ಹಸಿ ಕಾಯಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಬೇಡಿ. ಎರಡೇ ದಿನಕ್ಕೆ ಬೆವರಿ ಬೂಷ್ಟು ಹಿಡಿಯುತ್ತದೆ. ಪೇಪರ್ ಮೇಲೆ ಹರಡಿ ಫ್ಯಾನ್ ಹಾಕಿ, ಬೇಗ ಬೇಯಿಸಿ.

ಬೂಷ್ಟು ಹಿಡಿದ ಕಾಯಿ, ಕಪ್ಪಾದ ಕಾಳು, ಮುಗ್ಗಲು ವಾಸನೆ ಬರುವುದು ಏನಿದ್ದರೂ ಎಸೆದುಬಿಡಿ. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನೋದು ತಪ್ಪು. ಕಡ್ಲೆಕಾಯಿ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಲಿವರ್‌ಗೆ ಕೆಟ್ಟದ್ದು, ನಮ್ಮ ಒಲೆಯ ಬಿಸಿಗೆ ಹೋಗುವಂಥದ್ದಲ್ಲ. ಈ ವಿಷಯದಲ್ಲಿ ಉಳಿತಾಯ ಬೇಡ.

ತೊಳೆಯುವುದು ತಾಳ್ಮೆಯ ಕೆಲಸ. ಕಡ್ಲೆಗಿಡ ಹೂ ಬಿಡುವುದು ಮೇಲೆ, ಆದರೆ ಕಾಯಿ ಕಟ್ಟುವುದು ಮಣ್ಣಿನೊಳಗೆ. ಸಿಪ್ಪೆಯ ಗೀರುಗಳಲ್ಲೆಲ್ಲ ಮಣ್ಣು ಕೂತಿರುತ್ತದೆ. ಅಗಲವಾದ ಟಬ್‌ನಲ್ಲಿ ನೀರು ತುಂಬಿ ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಕಾಯಿಗೆ ಕಾಯಿ ಉಜ್ಜಿ. ಮೊದಲ ನೀರು ಕೆಂಪಗೆ ಗೋಡುಗೋಡಾಗಿ ಬರುತ್ತದೆ. ನೀರು ತಿಳಿಯಾಗುವ ತನಕ ನಾಲ್ಕೈದು ಸಲ ಬದಲಿಸಬೇಕು. ಸಿಪ್ಪೆ ತಿನ್ನಲ್ಲವಲ್ಲ ಅಂತ ಬಿಡಬೇಡಿ. ಆ ನೀರೇ ಕಾಳಿನೊಳಗೆ ಹೋಗುವುದು, ಮತ್ತೆ ಮಕ್ಕಳು ಕಾಯಿಯನ್ನು ಹಲ್ಲಿನಿಂದಲೇ ಕಚ್ಚಿ ಒಡೆಯುತ್ತಾರೆ.

ಒಂದು ಕೆಜಿ ಹಸಿ ಕಾಯಿಗೆ ನಾನು ಏಳೂವರೆ ಲೀಟರ್ ಕುಕ್ಕರ್ ಬಳಸುತ್ತೇನೆ. ಐದು ಲೀಟರಿನದಾದರೆ ಮುಕ್ಕಾಲು ಕೆಜಿ ಸಾಕು, ಮೂರನೇ ಎರಡು ಭಾಗಕ್ಕಿಂತ ಮೇಲೆ ತುಂಬಬಾರದು. ಕಾಯಿ ಹಾಕಿ, ಕೈಯಲ್ಲಿ ಒತ್ತಿ ಹಿಡಿದಾಗ ಮುಳುಗುವಷ್ಟು ನೀರು ಹಾಕಿ. 1 ಲೀಟರ್ ನೀರಿಗೆ 2 ದೊಡ್ಡ ಚಮಚ ಕಲ್ಲುಪ್ಪು. ಕಲಕಿ ಒಂದು ತೊಟ್ಟು ನಾಲಿಗೆಗೆ ಹಚ್ಚಿ ನೋಡಿ, ಸಾರಿಗಿಂತ ಎದ್ದು ಕಾಣುವ ಉಪ್ಪು ಇರಬೇಕು. ಚಿಟಿಕೆ ಅರಿಶಿನ ಹಾಕುವವರಿದ್ದಾರೆ, ನಾನು ಹಾಕಲ್ಲ. ಅಲ್ಯೂಮಿನಿಯಂ ಕುಕ್ಕರ್ ಆದರೆ ಒಳಗೆ ಕಪ್ಪು ಹಿಡಿಯುತ್ತದೆ, ಹುಣಸೆಹಣ್ಣಿನ ಸಣ್ಣ ಚೂರು ಹಾಕಿದರೆ ಕಮ್ಮಿ ಆಗುತ್ತದೆ. ಮೇಲೆ ತೇಲದ ಹಾಗೆ ಒಂದು ಸ್ಟೀಲ್ ತಟ್ಟೆ ಕವುಚಿ ಇಡಿ.

ಜೋರು ಉರಿಯಲ್ಲಿ ಮೂರು ವಿಷಲ್ ಕೂಗಿಸಿ, ಉರಿ ಸಣ್ಣ ಮಾಡಿ ಹತ್ತು ನಿಮಿಷ ಬಿಟ್ಟು ಒಲೆ ಆರಿಸಿ. ಪಾತ್ರೆಯಲ್ಲಾದರೆ ಮುಚ್ಚಳ ಮುಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ನೀರು ಇಂಗಿದರೆ ಬಿಸಿನೀರು ಸೇರಿಸುತ್ತಾ. ಪ್ರೆಷರ್ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು ಒಂದು ಕಾಯಿ ಒಡೆಯಿರಿ. ಕಾಳನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ನುಣ್ಣಗೆ ಅಮುಕಬೇಕು, ಆದರೆ ಕೈಯಲ್ಲಿ ಹಿಡಿದಾಗ ಮುದ್ದೆ ಆಗಬಾರದು. ಇನ್ನೂ ಕಟುಂ ಅಂದರೆ ಮತ್ತೊಂದು ವಿಷಲ್. ಕಡ್ಲೆಕಾಯಿ ಅವರೆ, ತೊಗರಿಗಳ ಕುಲದ್ದೇ ಅಲ್ವಾ, ಬೆಂದಾಗ ಕಾಳಿನ ಆ ಗುಣ ಎದ್ದು ಬರುತ್ತದೆ. ಹುರಿದದ್ದರ ಘಮ ಇದಕ್ಕಿಲ್ಲ. ಹಸಿ ಹೊಲದ ವಾಸನೆ ಇದೆ.

ಬೆಂದಿದ್ದರೆ ಅದೇ ನೀರಲ್ಲಿ ಬಿಡಿ. ಮುಚ್ಚಳ ಸುಮ್ನೆ ಮೇಲಿಟ್ಟರೆ ಸಾಕು. ಒಂದು ಗಂಟೆ ಅಂತೂ ಬೇಕೇ ಬೇಕು, ಎರಡು ಗಂಟೆ ಆದರೆ ರುಚಿಯೇ ಬೇರೆ. ನಡುವೆ ಕವುಚಿದ ತಟ್ಟೆ ತೆಗೆದು ನೋಡಿ. ಮೊದಲು ಎಲ್ಲ ಮೇಲೇ ಇರುತ್ತವೆ. ಆಮೇಲೆ ಒಂದೊಂದೇ ವಾಲಿ, ಮೂತಿ ಕೆಳಗಾಗಿ, ಪುಟ್ಟ ಗುಳ್ಳೆ ಬಿಟ್ಟು ಇಳಿಯುತ್ತವೆ. ನನ್ನ ಮಗಳಿಗೆ ಇದನ್ನು ನೋಡುವುದೇ ಒಂದು ಆಟ. ಮುಕ್ಕಾಲು ಪಾಲು ಮುಳುಗಿದರೆ ಬಸಿಯಬಹುದು. ಕೊನೆಗೂ ಮುಳುಗದ ನಾಲ್ಕಾರು ಇದ್ದೇ ಇರುತ್ತವೆ, ಹೆಚ್ಚಿನವು ಜೊಳ್ಳು.

ನಮ್ಮ ಅತ್ತೆಗೆ ಬಿಪಿ. ಅವರ ಪಾಲನ್ನು ಒಲೆ ಆರಿಸಿದಾಗಲೇ, ನೆನೆಯುವ ಮೊದಲೇ ತೆಗೆದು ಒಮ್ಮೆ ತೊಳೆದಿಡುತ್ತೇನೆ. ಮೊದಲ ವರ್ಷ ನನ್ನಿಂದ ತಪ್ಪಾದದ್ದು ಅವರಿಗೆ ಈಗ ಬೇಕಾದ ರೀತಿ. ಹುರಿದ ಬೀಜ ಅವರ ಹಲ್ಲಿಗೆ ಆಗುವುದಿಲ್ಲ, ಬೇಯಿಸಿದ್ದಾದರೆ ಆರಾಮವಾಗಿ ತಿನ್ನುತ್ತಾರೆ. ವಾರವಾರ ತಪ್ಪದೆ ಮಾಡಲು ಅದೂ ಒಂದು ಕಾರಣ.

ಹಸಿಯದು ಸಿಗದ ಕಾಲದಲ್ಲಿ ಸಿಪ್ಪೆ ಸಮೇತ ಒಣಗಿದ ಕಾಯಿ ತಂದು ಮಾಡಬಹುದು. ಹುರಿದದ್ದು ಆಗಬಾರದು. ರಾತ್ರಿಯಿಡೀ ನೆನೆಸಿ, ಐದಾರು ವಿಷಲ್, ಆಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ನೆನೆಯುವುದು ಅದೇ ರೀತಿ. ಹಸಿಯದರ ಸಿಹಿ ಬರುವುದಿಲ್ಲ, ಮಳೆಗಾಲದ ಸಂಜೆಗೆ ಸಾಕು.

ನೆಲದ ಮೇಲೆ ಪೇಪರ್ ಹಾಸಿ, ನಡುವೆ ಕಾಯಿ ಸುರಿದು ಎಲ್ಲರೂ ಸುತ್ತ ಕೂರುತ್ತೇವೆ. ಮೂತಿಯ ಹತ್ತಿರದ ಸೀಳಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಸಿಪ್ಪೆ ಬಾಯಿ ಬಿಡುತ್ತದೆ, ಚಿಳ್ಳನೆ ಉಪ್ಪುನೀರು ಹಾರುತ್ತದೆ. ಒಳ್ಳೆ ಬಟ್ಟೆ ಹಾಕಿಕೊಂಡು ಕೂರಬೇಡಿ, ಕಲೆ ಬೇಗ ಹೋಗಲ್ಲ. ಜೊತೆಗೆ ಒಂದು ಚೂರು ಬೆಲ್ಲ ಇರಲಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿ ಹಿಸುಕಿ ಕೊಡಿ. ಬೇರೆ ಮನೆ ಮಕ್ಕಳು ಬಂದಿದ್ದರೆ ಕಡ್ಲೆಕಾಯಿ ಅಲರ್ಜಿ ಇದೆಯಾ ಅಂತ ಅವರಮ್ಮನನ್ನು ಮೊದಲು ಕೇಳಿ.

ಸಿಪ್ಪೆಯನ್ನು ಹೂಕುಂಡಕ್ಕೆ ಹಾಕಬೇಡಿ, ಬೇಯಿಸಿದ ನೀರನ್ನೂ ಹಾಕಬೇಡಿ. ಉಪ್ಪಿಗೆ ಗಿಡ ಸಾಯುತ್ತದೆ. ಉಳಿದ ಕಾಯಿ ಹೊರಗಿಟ್ಟರೆ ಮಾರನೆ ದಿನಕ್ಕೆ ಲೋಳೆ ಬರುತ್ತದೆ. ನೀರು ಬಸಿದು, ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಬರುತ್ತದೆ. ನಮ್ಮನೆಯಲ್ಲಿ ಅಷ್ಟು ದಿನ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಕಾಳು ಬಿಡಿಸಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಹೆಚ್ಚಿದ ಈರುಳ್ಳಿ, ಕಾಯಿತುರಿ ಹಾಕಿ ಉಸ್ಲಿ ಮಾಡುತ್ತೇನೆ. ನಿಂಬೆಹಣ್ಣನ್ನು ಒಲೆ ಆರಿಸಿದ ಮೇಲೆ ಹಿಂಡಬೇಕು. ಉಪ್ಪು ಹಾಕುವ ಕೆಲಸವೇ ಇಲ್ಲ, ಅದು ಶನಿವಾರ ಮಧ್ಯಾಹ್ನವೇ ಒಳಗೆ ಸೇರಿರುತ್ತದೆ.