ರೀಪಿನ ಕನ್ನಡ ಬಾವುಟ: ಬೆಣೆ ಜಿಗ್‌ನಲ್ಲಿ ಜೋಡಿಸಿದ ನನ್ನ ಅನುಭವ

ಹಳೆ ರೀಪು (ಹಂಚು ಕೂರಿಸುವ ಮರದ ಪಟ್ಟಿ) ಅಂಟಿಸಿ ಮಾಡಿದ, ಗೋಡೆಗೆ ತೂಗುಹಾಕುವ ಮರದ ಕನ್ನಡ ಬಾವುಟ ಎಲ್ಲರಿಗೂ ಬೇಕಾಗುವುದು ನವೆಂಬರ್ 1ಕ್ಕೆ. ಹಾಗಾಗಿ ಅಂಟಿಸುವ ಕೆಲಸವೆಲ್ಲ ಬೀಳುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಕಾರವಾರ, ಕುಮಟಾ ಕಡೆ ಆಗ ಗಾಳಿಯೇ ಒದ್ದೆ, ಘಟ್ಟದ ಮೇಲೆ ಶಿರಸಿಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಬೇಸಿಗೆಯಲ್ಲಿ ಮೂರು ತಾಸಿಗೆ ಬಿಗಿಯುವ ಬಿಳಿ ಗೋಂದಿಗೆ ಈ ದಿನಗಳಲ್ಲಿ ಇಡೀ ರಾತ್ರಿ ಬೇಕು. ಒಂದು ಬಾವುಟಕ್ಕೆ ಐದು ಟಿ-ಕ್ಲ್ಯಾಂಪು (ಅಂಟಿಸಿದ ಪಟ್ಟಿಗಳನ್ನು ಪಕ್ಕದಿಂದ ಒತ್ತಿ ಹಿಡಿಯುವ ಉದ್ದನೆಯ ಕಬ್ಬಿಣದ ಉಪಕರಣ) ಬೆಳಗಿನವರೆಗೆ ಸಿಕ್ಕಿಬಿದ್ದರೆ ದಿನಕ್ಕೆ ಮೂರು ಬಾವುಟ ಹಾಕುವವನಿಗೆ ಹದಿನೈದು ಕ್ಲ್ಯಾಂಪು ಬೇಕಾಯಿತು. ನಾಲ್ಕಡಿಯದು ಒಂದಕ್ಕೆ ಸಾವಿರದ ನಾನೂರೋ ಐನೂರೋ ಇತ್ತು. ಇಪ್ಪತ್ತು ಸಾವಿರ ದಾಟುವ ಆ ಲೆಕ್ಕವೇ ಬೆಣೆಯ ಜಿಗ್, ಅಂದರೆ ರೀಪುಗಳನ್ನು ಕೂರಿಸಿ ಬೆಣೆ ಹೊಡೆದು ಬಿಗಿಯುವ ಚೌಕಟ್ಟು, ಮಾಡಿಸಿತು. ಮೂರು ಜಿಗ್‌ಗೆ ಸೇರಿ ನನಗೆ ಆರು ಸಾವಿರದ ಸುತ್ತಮುತ್ತ ಬಿತ್ತು.

ಬೆಣೆಯ ಒತ್ತಡ ಸಾಲದು, ಮಳೆಗಾಲದಲ್ಲಿ ಸಂದು ಬಿಟ್ಟುಕೊಳ್ಳುತ್ತದೆ ಎಂದು ಹೇಳಿದ ಆಚಾರಿಗಳು ಒಬ್ಬಿಬ್ಬರಲ್ಲ. ಅವರಿಗೆ ಉತ್ತರ ಮುರಿದ ತುಂಡಿನಲ್ಲಿದೆ. ಜಿಗ್‌ನಿಂದ ತೆಗೆದ ಹಲಗೆಯ ತುದಿಯಿಂದ ಒಂದು ತುಂಡು ಕತ್ತರಿಸಿ, ಸಂದಿನ ಮೇಲೆ ಉಳಿ ಇಟ್ಟು ಹೊಡೆದರೆ ಗೋಂದಿನ ಗೆರೆ ಬಿಡುವುದಿಲ್ಲ, ಪಕ್ಕದ ಮರವೇ ಸೀಳುತ್ತದೆ. ಎರಡು ಮಳೆಗಾಲ ಗೋಡೆಯ ಮೇಲೆ ಕಳೆದ ಬಾವುಟಗಳಲ್ಲೂ ಸಂದು ಕೂದಲೆಳೆಯಷ್ಟು ತೆರೆದಿಲ್ಲ. ಕ್ಲ್ಯಾಂಪಿನಲ್ಲಿ ಕಟ್ಟಿದ ಹಲಗೆಗಿಂತ ನನ್ನ ಹಲಗೆ ಚಪ್ಪಟೆಯಾಗಿದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಕಾರಣವೂ ಇದೆ. ಟಿ-ಕ್ಲ್ಯಾಂಪು ಪಕ್ಕದಿಂದ ಮಾತ್ರ ಒತ್ತುತ್ತದೆ, ಈ ಜಿಗ್ ಪಕ್ಕದಿಂದಲೂ ಮೇಲಿನಿಂದಲೂ ಒತ್ತುತ್ತದೆ.

ಮೊದಲು ರೀಪಿನ ವಿಷಯ. ಹಂಚಿನ ಮನೆ ಕೆಡವಿದಲ್ಲಿ ಸಿಗುವ 2×1 ಇಂಚಿನ ರೀಪು ನನಗೆ ಅಡಿಗೆ ಹತ್ತು-ಹನ್ನೆರಡು ರೂಪಾಯಿಗೆ ಸಿಕ್ಕಿದೆ. ಮತ್ತಿ, ನಂದಿ, ಹೊನ್ನೆ ಮೂರೂ ಒಳ್ಳೆಯದು. ಜಂಬೆ ಗಟ್ಟಿ, ಆದರೆ ಭಾರ ಮತ್ತು ಮರ ಕೀಸುವ ಹತ್ತರಿಯ ಅಲಗಿಗೆ ಶತ್ರು. ಸಾಗುವಾನಿ, ಬೀಟೆ ಹಳೆಯದೇ ಆದರೂ ಕಾಗದಪತ್ರ ಇಲ್ಲದೆ ಸಾಗಿಸಬೇಡಿ. ಅಡಿಗೆಮನೆಯ ಮೇಲಿನ ರೀಪು ಅಗ್ಗಕ್ಕೆ ಕೊಡುತ್ತಾರೆ, ಆದರೆ ಹೊಗೆಯ ಜಿಡ್ಡು ಒಳಗೆ ಇಳಿದಿರುವುದರಿಂದ ಬಣ್ಣವೂ ಹಿಡಿಯುವುದಿಲ್ಲ, ಗೋಂದೂ ಹಿಡಿಯುವುದಿಲ್ಲ. ಎರಡು ಮಿಮೀ ಕೀಸಿ ತೆಗೆದರೆ ಸರಿಹೋಗುತ್ತದೆ, ಆದರೆ ಹಳೆಯ ಮರದ ಚಂದವೂ ಅದರೊಂದಿಗೆ ಹೋಗುತ್ತದೆ. ಕುಟ್ಟೆ (ಮರ ಕೊರೆಯುವ ಹುಳ) ಹಿಡಿದದ್ದನ್ನು ಕುಟ್ಟಿ ನೋಡಿದರೆ ಪುಡಿ ಉದುರುತ್ತದೆ, ಅದು ಒಲೆಗೆ. ಮುರಿದ ಮೊಳೆ ಹುಡುಕಲು ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರದಲ್ಲಿ ತೂಗಿ ರೀಪಿನ ಮೇಲೆ ಓಡಿಸಿದರೆ ಸಾಕು. ಮೊಳೆ ತೂತಿನ ಸುತ್ತ ಕಪ್ಪು ಕಲೆ ಇರುತ್ತದಲ್ಲ, ಅದು ಮರದ ಒಗರು ಕಬ್ಬಿಣಕ್ಕೆ ತಗಲಿ ಆದದ್ದು. ಅದನ್ನು ಉಜ್ಜಿ ತೆಗೆಯಬೇಡಿ, ಕೊಳ್ಳುವವರು ಮೊದಲು ಬೆರಳಿಡುವುದೇ ಅಲ್ಲಿ.

ಒಂದು ಬಾವುಟಕ್ಕೆ ಹನ್ನೆರಡು ರೀಪು, ಆರು ಹಳದಿ, ಆರು ಕೆಂಪು. ಅಂಚು ಕೀಸಿದ ಮೇಲೆ ಒಂದೊಂದು 46 ಮಿಮೀ ಉಳಿಯುತ್ತದೆ, ಹನ್ನೆರಡು ಸೇರಿ 552. ಉದ್ದ ಅದರ ಒಂದೂವರೆ ಪಟ್ಟು ಇಟ್ಟರೆ 828. ದಪ್ಪ 22 ಮಿಮೀ ಹತ್ತಿರ. ಕತ್ತರಿಸುವಾಗ 860 ಇಟ್ಟುಕೊಳ್ಳಿ, ತುದಿ ಆಮೇಲೆ ತೆಗೆಯಬಹುದು. ಹಾಳು-ಮೂಳು ಸೇರಿ ಐವತ್ತಡಿ ರೀಪು ತಂದರೆ ಒಂದು ಬಾವುಟ ಖಂಡಿತ. ಸಂಖ್ಯೆ ಸಮವಾಗಿರಲೇಬೇಕು, ಹದಿಮೂರು ಹಾಕಿದರೆ ನಡುಗೆರೆ ರೀಪಿನ ಹೊಟ್ಟೆಯ ಮೇಲೆ ಬರುತ್ತದೆ. 2018ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ, ನಡುವೆ ಬಿಳಿ ಇರುವ ಮಾದರಿಯನ್ನು ಕೆಲವರು ಕೇಳುತ್ತಾರೆ. ನಾಲ್ಕು-ನಾಲ್ಕು-ನಾಲ್ಕು ಹಂಚಿದರೆ ಅದೂ ಆಗುತ್ತದೆ. ಅದರಲ್ಲಿ ಲಾಂಛನ ಕೆತ್ತಿ ಕೊಡುವುದಿಲ್ಲ, ಬಿಳಿ ಖಾಲಿ ಬಿಡುತ್ತೇನೆ. ತ್ರಿವರ್ಣ ಧ್ವಜವನ್ನು ಮರದಲ್ಲಿ ಮಾಡುವುದೇ ಇಲ್ಲ. 2002ರ ಧ್ವಜ ಸಂಹಿತೆ ಹೇಳುವುದು ಬಟ್ಟೆಯ ಧ್ವಜ, ಅಲಂಕಾರಕ್ಕೆ ಬಳಸಬಾರದು ಎಂದೂ ಅದರಲ್ಲೇ ಇದೆ. ಅದು ಬೇಕಾದವರಿಗೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯದೇ ಸಿಗುತ್ತದೆ.

ಈಗ ಜಿಗ್. ಮುಕ್ಕಾಲಿಂಚಿನ ನೀರು ತಡೆಯುವ ಪ್ಲೈ, 8×4ರ ಒಂದು ಶೀಟನ್ನು ಅಡ್ಡ ಮೂರು ಪಾಲು ಮಾಡಿದರೆ 48×32 ಇಂಚಿನ ಮೂರು ತಳ ಸಿಗುತ್ತವೆ. ಶೀಟಿಗೆ ಮೂರೂವರೆ ಸಾವಿರ ಕೊಟ್ಟ ನೆನಪು. ತಳದ ಅಡಿಗೆ 2×2 ಇಂಚಿನ ಮೂರು ಅಡ್ಡಪಟ್ಟಿ ಸ್ಕ್ರೂ ಮಾಡಬೇಕು, ರೀಪಿಗೆ ಅಡ್ಡವಾಗಿ. ಇದನ್ನು ಬಿಟ್ಟರೆ ಬೆಣೆ ಬಿಗಿದಂತೆ ಪ್ಲೈ ಬಾಗುತ್ತದೆ, ಬಾವುಟವೂ ಅದೇ ಬಾಗಿನಲ್ಲಿ ಅಂಟಿಕೊಳ್ಳುತ್ತದೆ. ಮೇಲೆ, ಒಂದು ಉದ್ದ ಅಂಚಿಗೆ 50 ಮಿಮೀ ಅಗಲದ ಸ್ಥಿರ ಪಟ್ಟಿ, ಎದುರು ಬದಿಗೆ, ರೀಪು, ಜಾರುಪಟ್ಟಿ, ಬೆಣೆಯ ಜೊತೆ ಮೂರೂ ಹಿಡಿಯುವಷ್ಟೇ ಅಂತರ ಬಿಟ್ಟು, ಅಂಥದೇ ಇನ್ನೊಂದು. ಎರಡಕ್ಕೂ ಗೋಂದು ಹಚ್ಚಿ ಸ್ಕ್ರೂ ಹಾಕಿ. ಇವೆರಡರ ನಡುವೆ ರೀಪುಗಳು, ಆಮೇಲೆ 45 ಮಿಮೀ ಅಗಲದ ಜಾರುಪಟ್ಟಿ, ಅದರಾಚೆ ಮೂರು ಜೊತೆ ಬೆಣೆ. ಎಡತುದಿಯಲ್ಲಿ ಗುನಿಯಾ (ಮೂಲೆಮಟ್ಟ) ಹಿಡಿದು ಒಂದು ತಡೆಪಟ್ಟಿ, ಬಲತುದಿ ತೆರೆದಿರಲಿ.

ಇಲ್ಲಿ ಹೆಚ್ಚಿನವರ ಜಿಗ್ ಕೆಡುವ ಜಾಗ ಇದೆ. ಈ ಪಟ್ಟಿಗಳು, ಬೆಣೆಗಳು ಎಲ್ಲ 18 ಮಿಮೀ ಎತ್ತರ ಇರಬೇಕು, 22ರ ರೀಪಿಗಿಂತ ತಗ್ಗು. ಪಟ್ಟಿ ಎತ್ತರವಾದರೆ ಮೇಲಿನಿಂದ ಒತ್ತುವ ತೊಲೆ ಪಟ್ಟಿಯ ಮೇಲೆ ಕೂರುತ್ತದೆ, ರೀಪಿಗೆ ಮುಟ್ಟುವುದೇ ಇಲ್ಲ. ಬಿಗಿದಂತೆ ಕಾಣುತ್ತದೆ, ಬೆಳಿಗ್ಗೆ ತೆಗೆದಾಗ ನಡುವಿನ ರೀಪುಗಳು ಎದ್ದು ನಿಂತಿರುತ್ತವೆ.

ಬೆಣೆ ಮತ್ತಿಯದು, ಒಂಬತ್ತಿಂಚು ಉದ್ದ, ದಪ್ಪ ತುದಿ 40 ಮಿಮೀ, ಸಣ್ಣ ತುದಿ 18. ಅಂದರೆ ಹತ್ತಕ್ಕೆ ಒಂದರ ಇಳಿಜಾರು. ಒಂದು ಬೆಣೆಯನ್ನು ಎಡದಿಂದ, ಇನ್ನೊಂದನ್ನು ಬಲದಿಂದ ಹೊಡೆದರೆ ಹೊರಮೈಗಳು ಸಮಾನಾಂತರವಾಗಿಯೇ ಇದ್ದು ಜಾರುಪಟ್ಟಿ ನೇರವಾಗಿ ಮುಂದೆ ಹೋಗುತ್ತದೆ. ಎರಡಿಂಚು ಹೊಡೆತಕ್ಕೆ ಐದು ಮಿಮೀ ಬಿಗಿತ. ಇದಕ್ಕಿಂತ ಕಡಿದಾಗಿ, ಆರಕ್ಕೆ ಒಂದು ಇಟ್ಟರೆ ಬೇಗ ಬಿಗಿಯುತ್ತದೆ, ಆದರೆ ಗೋಂದು ತಾಗಿ ನುಣುಪಾದ ಮೇಲೆ ಪಕ್ಕದ ಬೆಣೆಗೆ ಸುತ್ತಿಗೆ ಬಿದ್ದಾಗ ಇದು ಹಿಂದಕ್ಕೆ ಜಾರುತ್ತದೆ. ಅಕೇಶಿಯಾದ ಹಸಿಮರದಲ್ಲಿ ಬೆಣೆ ಮಾಡಿದರೆ ರಾತ್ರಿಯೊಳಗೆ ಒಣಗಿ ಸಡಿಲ. ಬೆಣೆಯ ಮರ ರೀಪಿಗಿಂತ ಒಣಗಿರಬೇಕು. ಬೆಣೆಯ ಇಳಿಜಾರು ಮೈಗೆ ನಾನು ಒಂದು ವಸ್ತು ಸವರುತ್ತೇನೆ, ಬಿಗಿಯುವಾಗ ಜಾರಿ, ಬಿಗಿದ ಮೇಲೆ ಹಿಡಿದುಕೊಳ್ಳುತ್ತದೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಕೆಲಸ ಆಗುತ್ತದೆ.

ಮೇಲಿನ ತೊಲೆ ಮೂರು, 2×2 ಇಂಚು, ಅಡಿಯ ಅಡ್ಡಪಟ್ಟಿಗಳ ಸರಿ ನೇರಕ್ಕೆ. ಕೆಳಮೈ ನಡುವೆ ಒಂದೂವರೆ ಮಿಮೀ ಉಬ್ಬು ಬರುವಂತೆ ತುದಿಗಳನ್ನು ಕೀಸಿ. ಎರಡು ತುದಿಯಲ್ಲಿ ಮಾತ್ರ ನಟ್ಟು ಇರುವುದರಿಂದ ಉಬ್ಬು ಇಲ್ಲದಿದ್ದರೆ ನಡುವೆ ಒತ್ತಡ ತಲುಪುವುದಿಲ್ಲ. 10 ಮಿಮೀ ಥ್ರೆಡ್ ರಾಡಿನ (ಉದ್ದಕ್ಕೂ ಸ್ಕ್ರೂ ಗೆರೆ ಇರುವ ಕಬ್ಬಿಣದ ಸರಳು) ಏಳಿಂಚು ತುಂಡುಗಳು ಅಡ್ಡಪಟ್ಟಿ, ತಳ, ಪಕ್ಕದ ಪಟ್ಟಿ, ತೊಲೆ ನಾಲ್ಕನ್ನೂ ದಾಟಿ ಬರಬೇಕು. ಮೀಟರ್ ರಾಡಿಗೆ ಐದು ತುಂಡು, ಒಂದು ಜಿಗ್‌ಗೆ ಆರು ಬೇಕು. ಸತುವಿನ ಕಲಾಯಿ ಮಾಡಿದ್ದನ್ನೇ ತನ್ನಿ. ಸಾದಾ ಕಬ್ಬಿಣ ಕಾರವಾರದ ಗಾಳಿಗೆ ವಾರದಲ್ಲಿ ತುಕ್ಕು ಹಿಡಿದು ಮತ್ತಿಯ ಮೇಲೆ ಕಪ್ಪು ಹನಿ ಬಿಡುತ್ತದೆ, ಅದು ನಾವು ಬಯಸಿದ ಕಲೆ ಅಲ್ಲ. ತಳಕ್ಕೆ, ಜಾರುಪಟ್ಟಿಗೆ ಅಗಲದ ಪ್ಯಾಕಿಂಗ್ ಟೇಪು ಅಂಟಿಸಿದರೆ ಗೋಂದು ಹಿಡಿಯುವುದಿಲ್ಲ.

ರೀಪುಗಳ ಮುಂಮೈ ಎತ್ತರ-ತಗ್ಗು ಇರುವುದೇ ಈ ಬಾವುಟದ ಅಂದ. ಹಾಗಾಗಿ ಹಿಂಮೈಯನ್ನು ಮಾತ್ರ ಕೀಸಿ, ಅದನ್ನು ತಳದ ಮೇಲೆ ಕೂರಿಸಿ, ಮುಂಮೈ ಮೇಲಕ್ಕೆ. ಎತ್ತರದ ರೀಪಿಗೆ ಮಾತ್ರ ತೊಲೆ ಒತ್ತದಂತೆ ಕೆಳಗೆ ಮೆತ್ತನೆಯದು ಬೇಕು. ಸೈಕಲ್ ಟ್ಯೂಬು ಎರಡು ಪದರ ಹಾಕಿದೆ, ಎರಡು ಮಿಮೀ ವ್ಯತ್ಯಾಸಕ್ಕೆ ಸಾಲಲಿಲ್ಲ. ಮರಳಿನ ಚೀಲ ಒದ್ದೆಯಾಗಿ ಬಣ್ಣಕ್ಕೆ ಕಲೆ ಕೊಟ್ಟಿತು. ಹವಾಯಿ ಚಪ್ಪಲಿಯ ಶೀಟು, ಹತ್ತು-ಹನ್ನೆರಡು ಮಿಮೀ ದಪ್ಪದ್ದು, ತೊಲೆಯ ಅಗಲಕ್ಕೆ ಕತ್ತರಿಸಿ ಹಾಕಿದಾಗ ಮೂರು ಮಿಮೀ ವ್ಯತ್ಯಾಸವನ್ನೂ ನುಂಗಿತು.

ಬಣ್ಣ ಜೋಡಣೆಗೆ ಮೊದಲೇ. ಮುಂಮೈಗೆ ಬಳಿದು ಒಣಗಿಸಿ, ಆಮೇಲೆ ಅಂಚು ಕೀಸಿದರೆ ಅಂಚಿಗೆ ಇಳಿದ ಬಣ್ಣವೂ ಹೋಗುತ್ತದೆ, ಹಳದಿ-ಕೆಂಪಿನ ನಡುಗೆರೆಯೂ ಅಲಗಿನಂತೆ ನೇರ. ನೀರಿನ ಎಮಲ್ಷನ್‌ಗೆ ಅಷ್ಟೇ ನೀರು ಬೆರೆಸಿ, ಬಳಿದ ಕೂಡಲೇ ಬಟ್ಟೆಯಲ್ಲಿ ಒರೆಸಿದರೆ ಎಳೆ ಕಾಣುತ್ತದೆ. ಕೆಂಪಿಗೆ ಇಷ್ಟು ಸಾಕು. ಹಳದಿ ಹಾಗೆ ಬರುವುದಿಲ್ಲ. ಹಳೆ ಮತ್ತಿಯ ಕಪ್ಪು ಮೈ ಮೇಲೆ ಅದು ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಮೊದಲು ತೆಳು ಬಿಳಿ ಕೈ ಕೊಡಲೇಬೇಕು. ಬಿಳಿಯಲ್ಲಿ ಏನು ಎಷ್ಟು ಬೆರೆಸಿದರೆ ಅರಿಸಿನದ ಬಣ್ಣ ಬರುತ್ತದೆ ಎಂಬುದು ಬಹಳ ದಿನ ಕೂತು ಕಂಡುಕೊಂಡದ್ದು, ಅದು ನನ್ನಲ್ಲೇ ಇರಲಿ.

ಈ ಬಾವುಟದ ಬಣ್ಣ ಅರಿಸಿನ-ಕುಂಕುಮ ಅಲ್ಲವೇ, ಹಾಗಾದರೆ ಅರಿಸಿನವನ್ನೇ ಬಳಿದರೆ ಹೇಗೆ ಎಂದು ಪ್ರಯೋಗ ಮಾಡಿದ್ದೂ ಉಂಟು. ಮೇಲಿನ ಆರಕ್ಕೆ ಅರಿಸಿನದ ನೀರು, ಕೆಳಗಿನ ಆರಕ್ಕೆ ಅದೇ ನೀರಿಗೆ ಸುಣ್ಣ. ಸುಣ್ಣ ಬಿದ್ದ ಕೂಡಲೇ ಕೆಂಪು. ಯಾವ ಡಬ್ಬಿಯ ಬಣ್ಣವೂ ಕೊಡದ ಕಳೆ ಅದಕ್ಕಿತ್ತು. ಆದರೆ ಅರಿಸಿನ ಬಿಸಿಲಿಗೆ ನಿಲ್ಲುವುದಿಲ್ಲ, ಕಿಟಕಿಯ ಎದುರು ಕೆಲವೇ ವಾರಗಳಲ್ಲಿ ಹಳದಿ ಮಾಸಿತು. ಬೆಳಕು ಕಡಿಮೆ ಇರುವ ನಡುಮನೆಗೆ ಬೇಕೆಂದು ಕೇಳಿದರೆ ಈಗಲೂ ಮಾಡಿಕೊಡುತ್ತೇನೆ, ಮಾಸುತ್ತದೆ ಎಂದು ಹೇಳಿಯೇ. ಅಡಿಕೆ ದಬ್ಬೆಯಲ್ಲೂ (ಸೀಳಿದ ಅಡಿಕೆ ಮರ) ಒಂದು ಬಾವುಟ ಕಟ್ಟಿದೆ. ಹೊರಮೈ ಕಬ್ಬಿಣದ ಹಾಗೆ, ಒಳಗೆ ಬೆಂಡು. ಅಂಚಿಗೆ ಗೋಂದು ನಿಲ್ಲುವುದಿಲ್ಲ, ಹಿಂದೆ ಪ್ಲೈ ಕೊಟ್ಟು ಅಂಟಿಸಿದರೆ ಮಾತ್ರ ಆಗುತ್ತದೆ.

ಒಣಗಿಸುವುದನ್ನು ಬಿಟ್ಟು ಮುಂದೆ ಹೋಗಬೇಡಿ. ಮಳೆಗಾಲದಲ್ಲಿ ರೀಪಿನ ತೇವ ಮೀಟರಿನಲ್ಲಿ ಶೇಕಡಾ 16-17 ತೋರಿಸುತ್ತದೆ. ಬೆಂಗಳೂರಿನ ಮನೆಯೊಳಗೆ ಅದು 10ರ ಹತ್ತಿರ ಇಳಿದರೆ ಐದೂವರೆ ನೂರು ಮಿಮೀ ಅಗಲದ ಹಲಗೆ ಆರೇಳು ಮಿಮೀ ಕುಗ್ಗುತ್ತದೆ. ಹಳೆ ಕಪಾಟಿನಲ್ಲಿ ನೂರು ವ್ಯಾಟಿನ ಎರಡು ಬಲ್ಬು, ಕೆಳಗೂ ಮೇಲೂ ಗಾಳಿಯ ತೂತು, ಹತ್ತು ದಿನದ ಹೊತ್ತಿಗೆ 12ಕ್ಕೆ ಬರುತ್ತದೆ. ಶಿರಸಿ ಕಡೆಯವರು ಅಡಿಕೆ ಡ್ರೈಯರಿನಲ್ಲಿ ಇಡೋಣ ಎನ್ನುತ್ತಾರೆ. ಬೇಡ. ಅದರ ಬಿಸಿಗೆ ಹೊರಮೈ ಮೊದಲು ಒಣಗಿ ಕೂದಲು ಬಿರುಕು ಬರುತ್ತದೆ, ಉದ್ದ ರೀಪು ತಿರುಚಿಕೊಳ್ಳುತ್ತದೆ.

ಇನ್ನು ಬಿಗಿಯುವ ಕ್ರಮ. ಗೋಂದಿಲ್ಲದೆ ಒಮ್ಮೆ ಜೋಡಿಸಿ, ಹನ್ನೆರಡರ ಮೇಲೂ ಹಾಯುವ ಹಾಗೆ ಸೀಮೆಸುಣ್ಣದಲ್ಲಿ ದೊಡ್ಡ ತ್ರಿಕೋನ ಎಳೆಯಿರಿ, ಗಡಿಬಿಡಿಯಲ್ಲಿ ಅನುಕ್ರಮ ತಪ್ಪುವುದಿಲ್ಲ. ಒಳಗೆ ತೂಗುವುದಕ್ಕೆ ಫೆವಿಕಾಲ್ ಎಸ್‌ಎಚ್, ಜಗಲಿಯ ಗೋಡೆಗೆ ನೀರು ತಡೆಯುವ ಫೆವಿಕಾಲ್ ಮರೈನ್. ಹನ್ನೊಂದು ಸಂದಿಗೆ ಅರವತ್ತು-ಎಪ್ಪತ್ತು ಗ್ರಾಂ ಸಾಕು. ಗೋಂದು ಬೇಗ ಒಣಗದಿರುವುದು ಮಳೆಗಾಲದ ಒಂದೇ ಉಪಕಾರ, ಹತ್ತು-ಹನ್ನೆರಡು ನಿಮಿಷ ಸಿಗುತ್ತದೆ. ಮೊದಲು ತೊಲೆಗಳ ನಟ್ಟನ್ನು ಬೆರಳಲ್ಲಿ ತಿರುಗಿಸುವಷ್ಟು ಮಾತ್ರ. ಆಮೇಲೆ ಬೆಣೆಗಳು, ನಡುವಿನ ಜೊತೆಯಿಂದ ಶುರು, ಸಂದುಗಳು ಮುಚ್ಚುವಷ್ಟು. ಆಗ ನಟ್ಟಿಗೆ ಪಾನಾ ಹಾಕಿ ಅರ್ಧ ಸುತ್ತು. ಕೊನೆಗೆ ಬೆಣೆಗೆ ಪೂರ್ಣ ಹೊಡೆತ, ಸಂದಿನುದ್ದಕ್ಕೂ ಗೋಂದು ಅಕ್ಕಿಕಾಳಿನಂತೆ ಹೊರಬರುವವರೆಗೆ. ಬೆಣೆಯನ್ನೇ ಮೊದಲು ಪೂರ್ತಿ ಹೊಡೆದರೆ ಹಲಗೆ ನಡುವೆ ಎದ್ದುಬಿಡುತ್ತದೆ. ತೊಲೆಯನ್ನೇ ಮೊದಲು ಪೂರ್ತಿ ಬಿಗಿದರೆ ರೀಪು ಜಾರದೆ ಸಂದು ತೆರೆದೇ ಉಳಿಯುತ್ತದೆ. ಹೊರಬಂದ ಗೋಂದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಎಳೆಯೊಳಗೆ ಹೋಗಿ ಬಿಳಿಚು ಬೀಳುತ್ತದೆ. ಒಂದು ತಾಸು ಬಿಟ್ಟು ರಬ್ಬರಿನ ಹದಕ್ಕೆ ಬಂದಾಗ ಹಳೆ ಉಳಿಯಿಂದ ಎಬ್ಬಿಸಿ.

ಖರ್ಚು ಬಾವುಟಕ್ಕೆ ಹೀಗೆ ಬೀಳುತ್ತದೆ: ರೀಪು ಐನೂರೈವತ್ತು, ಬಣ್ಣ-ಪಾಲಿಶ್ ಇನ್ನೂರು, ಗೋಂದು-ಸ್ಕ್ರೂ ನೂರು, ರಟ್ಟಿನ ಪೆಟ್ಟಿಗೆ ನೂರಿಪ್ಪತ್ತು. ಮಾರುವುದು ಎರಡು ಸಾವಿರದ ಎಂಟುನೂರರಿಂದ ಮೂರು ಸಾವಿರದ ಇನ್ನೂರಕ್ಕೆ. ತೂಕ ಎಂಟು ಕಿಲೋ ಆಗುವುದರಿಂದ ಕೊರಿಯರಿಗಿಂತ ಬಸ್ ಪಾರ್ಸೆಲ್ ಅಗ್ಗ.

ಹಿಂಬದಿಗೆ 40×18ರ ಮೂರು ಪಟ್ಟಿ, ರೀಪಿಗೆ ಅಡ್ಡ, ಅರ್ಧ ಮೀಟರ್ ಉದ್ದ. ಇವಕ್ಕೆ ಗೋಂದು ಹಚ್ಚಲೇಬಾರದು. ಒಂದೊಂದಕ್ಕೆ ಐದು ಸ್ಕ್ರೂ, ನಡುವಿನದಕ್ಕೆ ಮಾತ್ರ ದುಂಡು ತೂತು. ಉಳಿದ ನಾಲ್ಕಕ್ಕೆ 5×12 ಮಿಮೀ ಉದ್ದತೂತು, ಪಟ್ಟಿಯ ಉದ್ದದ ದಿಕ್ಕಿಗೇ. 30 ಮಿಮೀ ಸ್ಕ್ರೂ, ವಾಷರ್ ಹಾಕಿ, ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ. ಹಲಗೆ ಕುಗ್ಗಿದಾಗ ಸ್ಕ್ರೂ ತೂತಿನಲ್ಲಿ ಜಾರುತ್ತದೆ, ಸಂದು ಸೀಳುವುದಿಲ್ಲ. ತೂಗುವುದಕ್ಕೆ ಎರಡು ಕೊಂಡಿ, ಎರಡೂ ಪಕ್ಕದ ಪಟ್ಟಿಗಳ ಮೇಲ್ತುದಿಗೆ. ನಮ್ಮ ಕಡೆಯ ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲು) ಗೋಡೆಗೆ ಸಣ್ಣ ಪ್ಲಗ್ ನಿಲ್ಲುವುದಿಲ್ಲ, ಪುಡಿಯಾಗಿ ಬರುತ್ತದೆ. 10 ಮಿಮೀ ದಪ್ಪದ, ಮೂರಿಂಚು ಉದ್ದದ ಪ್ಲಗ್ಗನ್ನು ಪೆಟ್ಟಿಗೆಯಲ್ಲೇ ಇಟ್ಟು ಕಳಿಸುತ್ತೇನೆ.